ನೂರಾ ಐದು ಡಿಗ್ರಿಯ ಸುಳ್ಳು

ನಾನು ಒಂದು ಥರ್ಮಾಮೀಟರು. ಕಾಸಿದ ಗಾಜನ್ನು ಎಳೆದು ಕೊಳವೆ ಮಾಡಿ, ತುದಿಯಲ್ಲಿ ಪಾದರಸ ತುಂಬಿ, ಮೈಮೇಲೆ ಗೆರೆ ಕೊರೆದು ನನ್ನನ್ನು ಲೋಕಕ್ಕೆ ಕಳಿಸಿದರು. ಏರಿದ ಪಾದರಸ ನನ್ನಲ್ಲಿ ತಾನಾಗಿ ಇಳಿಯುವುದಿಲ್ಲ. ಹಿಡಿದು ಝಾಡಿಸಬೇಕು. ಝಾಡಿಸದಿದ್ದರೆ ನಿನ್ನೆಯವರ ಜ್ವರವನ್ನೇ ಇಂದಿನವರಿಗೂ ತೋರಿಸುತ್ತೇನೆ. ಏನು ಮಾಡಲಿ, ಹುಟ್ಟುಗುಣ ಸುಟ್ಟರೂ ಹೋಗದು!

ಬೆಟಗೇರಿಯ ಒಂದು ಸಣ್ಣ ದವಾಖಾನೆಯಲ್ಲಿ ಕಂಪೌಂಡರ್ ಮಹಾಲಿಂಗಪ್ಪನವರ ಕೈಗೆ ಬಿದ್ದೆ. ಊರಿನ ಅರ್ಧ ಜನರ ನಾಲಿಗೆಯ ಕೆಳಗೆ ಮಲಗಿ ಎದ್ದವನು ನಾನು. ಮಹಾಲಿಂಗಪ್ಪನವರು ಎಡಚರು. ಪ್ರತಿ ರೋಗಿಗೂ ಮೊದಲು ಎಡಗೈಯಲ್ಲಿ ಮೂರು ಸಲ ಝಾಡಿಸುವರು. ಸಾವಿರಾರು ಜನರಿಗೆ ಸೂಜಿ ಚುಚ್ಚಿದ ಈ ಮನುಷ್ಯರಿಗೆ, ತಮ್ಮತ್ತ ಸೂಜಿ ಬಂದರೆ ಎದೆ ಡವಡವ! ದವಾಖಾನೆ ಮುಚ್ಚಿದ ದಿನ ಡಾಕ್ಟರು ನನ್ನನ್ನು ಅವರಿಗೇ ಕೊಟ್ಟುಬಿಟ್ಟರು.

ಮನೆಯಲ್ಲಿದ್ದವರು ಅವರ ಹೆಂಡತಿ ನೀಲವ್ವ ಒಬ್ಬರೇ. ಆಕೆಗೆ ದಮ್ಮು. ಹೋದ ಚಳಿಗಾಲದಲ್ಲಿ ಫ್ಲೂ ಬಂದು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದು ಬದುಕಿ ಬಂದಾಕೆ. ಮತ್ತೊಮ್ಮೆ ಬಂದರೆ ತಡೆದುಕೊಳ್ಳುವುದು ಕಷ್ಟ, ಚಳಿ ಶುರುವಾಗುವ ಮೊದಲೇ ಲಸಿಕೆ ಹಾಕಿಸಿ ಎಂದು ಡಾಕ್ಟರು ಹೇಳಿದ್ದರು. ನೀಲವ್ವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಸೂಜಿ ಹಾಕಿಸ್ಕೊಂಡು ಇದ್ದ ಉಸಿರೂ ಹೋದ್ರ? ನನಗ ಬ್ಯಾಡ್ರಿ."

ಹದಿನೈದು ದಿನ ಹೇಳಿ ಹೇಳಿ ಸಾಕಾಗಿ, ಮಹಾಲಿಂಗಪ್ಪನವರು ಕೊನೆಗೆ, "ಮೊದಲ ನಾ ಹಾಕಿಸ್ಕೋತೀನಿ. ನನಗೇನೂ ಆಗ್ಲಿಲ್ಲಂದ್ರ ಮರುದಿನ ನೀ ಹಾಕಿಸ್ಕೋಬೇಕು, ಮಾತ ಕೊಡು" ಎಂದರು.

"ಏನರ ಆತಂದ್ರ?"

"ಮತ್ತ ಆ ಸುದ್ದಿನ ಎತ್ತೂದಿಲ್ಲ."

ಮಾರನೆಯ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ಹೆದರಿಕೆಯಲ್ಲಿ ಎಡತೋಳನ್ನೇ ಕೊಟ್ಟುಬಿಟ್ಟಿದ್ದರು! ಅರ್ಧ ಗಂಟೆ ಅಲ್ಲೇ ಕೂರಿಸಿ ನರ್ಸಮ್ಮ ಹೇಳಿದ್ದನ್ನು ಮನೆಯಲ್ಲಿ ಒಪ್ಪಿಸಿದರು: ತೋಳು ನೋಯಬಹುದು, ಒಂದೆರಡು ದಿನ ಮೈಕೈ ನೋವು, ಸಣ್ಣ ಜ್ವರ ಬರಬಹುದು, ಮುಖ ಬಾತರೆ, ಉಸಿರಾಡುವುದು ಕಷ್ಟವಾದರೆ ತಡಮಾಡದೆ ಓಡಿ ಬರಬೇಕು. ನೀಲವ್ವನ ತಲೆಯಲ್ಲಿ ಉಳಿದದ್ದು ಕೊನೆಯದೊಂದೇ. ಐದು ನಿಮಿಷಕ್ಕೊಮ್ಮೆ ಗಂಡನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡತೊಡಗಿದಳು.

ಸಂಜೆ ಅವರು, "ಯಾಕೋ ಮೈ ಜಡ್ಡಾಗೈತಿ" ಎಂದದ್ದೇ ತಡ, ನೀಲವ್ವ ನನ್ನನ್ನು ತರಲು ಪಕ್ಕದ ಮನೆಗೆ ಓಡಿದಳು. ಅವರ ಕೂಸಿಗೆ ಜ್ವರವೆಂದು ಬೆಳಿಗ್ಗೆ ನನ್ನನ್ನು ಒಯ್ದಿದ್ದರು. ಕಂಡವರ ಮನೆಯ ಎಂಜಲು ಗಂಡನ ಬಾಯಿಗೆ ಇಡಲಾದೀತೇ? ಬಚ್ಚಲ ಹಂಡೆಯ ಬಿಸಿನೀರಲ್ಲಿ ನನ್ನನ್ನು ಅದ್ದಿ ತಿಕ್ಕಿದಳು, ಸೆರಗಿನಲ್ಲಿ ಒರೆಸಿದಳು. ಎಂಜಲೇನೋ ಹೋಯಿತು, ಪಾದರಸ ಮಾತ್ರ ನೂರಾ ಐದಕ್ಕೆ ಏರಿ ಕೂತಿತು. ಝಾಡಿಸುವುದು ಯಾವತ್ತೂ ಮಹಾಲಿಂಗಪ್ಪನವರ ಕೆಲಸ. ಇಂದು ಅವರ ತೋಳು ಎತ್ತಲಾಗದಷ್ಟು ನೋಯುತ್ತಿತ್ತು. ನೀಲವ್ವ ನೇರ ಬಾಯಿಗಿಟ್ಟಳು.

ಝಾಡಿಸ್ರೀ ಎಂದು ಕೂಗಬೇಕೆನಿಸಿತು. ಗಾಜಿಗೆ ಎಲ್ಲಿಯ ಬಾಯಿ?

ನನ್ನನ್ನು ಕಿಟಕಿಗೆ ಹಿಡಿದ ಮಹಾಲಿಂಗಪ್ಪನವರ ಮುಖ ಬಿಳಿಚಿಕೊಂಡಿತು. "ನೂರಾ ಐದು!"

"ನಾ ಬಡಕೊಂಡ್ನೋ ಇಲ್ಲೋ!" ನೀಲವ್ವ ಕುಸಿದು ಕೂತಳು. ಅವರಿಗೆ ನಿಜವಾಗಿಯೂ ನಡುಕ ಹತ್ತಿತು. ಕೌದಿ ಹೊದ್ದರು, ಆಟೋ ಕರೆ ಎಂದರು. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ಈಕೆ ಲಸಿಕೆಯ ಹತ್ತಿರವೂ ಸುಳಿಯಲಾರಳು. ಚಳಿಗಾಲ ಬಂದೇ ಬರುತ್ತದೆ, ನನ್ನ ಸುಳ್ಳಿನಿಂದಾಗಿ ಆಕೆಯ ಉಸಿರು ನಿಂತುಹೋದರೆ?

ನೀಲವ್ವ ಅಳುತ್ತಲೇ ಒದ್ದೆ ಬಟ್ಟೆ ತಂದಳು. ಹಣೆ ಮುಟ್ಟಿದ ಕೈ ಅಲ್ಲೇ ನಿಂತಿತು.

"ಹಣಿ ತಣ್ಣಗೈತಲ್ರೀ?"

"ಪಾದರಸ ಸುಳ್ಳ ಹೇಳೂದಿಲ್ಲ ನೀಲಾ."

"ನನ್ನ ಕೈ ಹೇಳತೈತೇನು? ಎಷ್ಟು ವರ್ಷದಿಂದ ಮುಟ್ಟಿದ ಹಣಿ ಇದು!"

ಅವರು ನನ್ನನ್ನು ಮತ್ತೆ ಕಿಟಕಿಗೆ ಹಿಡಿದು ನೋಡಿದರು. "ಬಾಯಾಗ ಇಡೂಕಿಂತ ಮೊದಲ ಇದನ್ನೇನ ಮಾಡಿದಿ?"

"ಏನ ಮಾಡ್ಲಿ? ಹಂಡೇದಾಗಿನ ಬಿಸಿನೀರಾಗ ತೊಳದೆ."

ಕೌದಿ ಹಾರಿ ಅತ್ತ ಬಿತ್ತು. ರೂಢಿಯಿಲ್ಲದ ಬಲಗೈಯಲ್ಲಿ ಅಡ್ಡಾದಿಡ್ಡಿ ಏಳೆಂಟು ಸಲ ನನ್ನನ್ನು ಝಾಡಿಸಿ ಮತ್ತೆ ಇಟ್ಟುಕೊಂಡರು. ತೊಂಬತ್ತೊಂಬತ್ತು, ಮೇಲೆ ಚೂರು. ಅವರು ಬಿದ್ದು ಬಿದ್ದು ನಕ್ಕರು. ನೀಲವ್ವ ನಗಲಿಲ್ಲ. ಮರುದಿನ ಬೆಳಿಗ್ಗೆ ತಾನೇ ಸೀರೆ ಉಟ್ಟು ಬಾಗಿಲಲ್ಲಿ ನಿಂತು, "ನಡೀರಿ, ಮಾತ ಕೊಟ್ಟೀನಲ್ಲ" ಎಂದಳು.

ಈಗ ನನಗೆ ಮುದಿತನ. ಬೀಪ್ ಎನ್ನುವ ಹೊಸದೊಂದು ಬಂದಿದೆ, ನಾನು ಕಪಾಟಿನ ಮೂಲೆಯಲ್ಲಿ ಹಳೆಯ ಮಾತ್ರೆಗಳ ಜೊತೆ ಬಿದ್ದಿದ್ದೇನೆ. ಆಮೇಲಿನ ಚಳಿಗಾಲ ಇದೇ ಮೂಲೆಯಲ್ಲಿ ಕಳೆಯಿತು. ನೀಲವ್ವ ಕೆಮ್ಮಿದಳು, ಬೈದಳು, ಆದರೆ ಆಸ್ಪತ್ರೆಯ ಮಂಚ ಹತ್ತಲಿಲ್ಲ. ನಾನು ಕೆಲಸಕ್ಕೆ ಬಂದದ್ದು ಆಕೆ ಲಸಿಕೆ ಹಾಕಿಸಿಕೊಂಡು ಬಂದ ಸಂಜೆಯೇ ಕೊನೆ.

ಅಂದು ಆಕೆಗೆ ನಿಜವಾದ ಜ್ವರ ಬಂದಿತ್ತು. ಮಹಾಲಿಂಗಪ್ಪನವರು ನನ್ನನ್ನು ಝಾಡಿಸಿ ನೋಡಿದರು, ನಂಬದೆ ಮತ್ತೊಮ್ಮೆ ನೋಡಿದರು. ನೂರಾ ಒಂದು. ಉಸಿರು ಸರಾಗವಾಗಿದೆಯೇ ಎಂದು ಆಕೆಯ ಎದೆಗೆ ಕಿವಿಯಿಟ್ಟರು, ಮುಖ ತಡವಿದರು. ಎಲ್ಲ ಸರಿಯಿತ್ತು.

"ಎಷ್ಟೈತ್ರಿ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ತೊಂಬತ್ತೆಂಟು. ಏನಿಲ್ಲ, ಮಲಕೋ."

ನಾನು ಅವರ ಅಂಗೈಯಲ್ಲೇ ಇದ್ದೆ, ನೂರಾ ಒಂದನ್ನು ತೋರಿಸುತ್ತ.

"ಹಂಗಾರ ನನ್ನ ಕೈ ಬಿಡ್ರಲಾ," ಎಂದಳು ನೀಲವ್ವ. "ಯಾಕ ಇಷ್ಟ ಗಟ್ಟಿ ಹಿಡಕೊಂಡೀರಿ?"

ಅವರು ಬಿಡಲಿಲ್ಲ.