ಶೂ ಸ್ಟ್ಯಾಂಡಿನ ಮೇಲಿದ್ದ ಕವರು

ಎದೆಯಿಂದ ಹೊಟ್ಟೆಗಿಳಿಯುವ ಮಹಾಧಮನಿಯನ್ನು ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. ಅದರ ಗೋಡೆಯೊಳಗೆ ಕಪ್ಪು ಗುಳ್ಳೆಗಳಿದ್ದವು.

"ಬಲು ಅಪರೂಪದ ಸೋಂಕು. ಈ ಬ್ಯಾಕ್ಟೀರಿಯಾ ರಕ್ತಕ್ಕೆ ಸುಮ್ಮನೆ ಇಳಿಯುವುದಿಲ್ಲ, ಕರುಳಿನ ಗಡ್ಡೆಯೇ ಅದಕ್ಕೆ ದಾರಿ. ಹುಡುಕಿದೆವು. ಇದೆ, ಕ್ಯಾನ್ಸರ್." ಆಮೇಲೆ ಮೆಲ್ಲಗೆ ಕೇಳಿದರು: "ಅರವತ್ತು ತುಂಬಿದಾಗ ಮಲಪರೀಕ್ಷೆಯ ಕವರು ಮನೆಗೇ ಬಂದಿರಬೇಕಲ್ಲ? ನೀವು ಕಳಿಸಿದ ದಾಖಲೆ ಇಲ್ಲ."

"ಕಳಿಸಿದ್ವಿ ಡಾಕ್ಟರ್, ನಮ್ಮನೆಯವರೇ ಹಾಕಿದ್ರು," ಮಂಚದಿಂದ ಶೇಷಾದ್ರಿ ನಕ್ಕರು. "ನಿಮ್ಮ ಪೋಸ್ಟಿನವರು ಕಾಫಿ ಹರಟೆಯ ಫಿಕಾಗೆ ಕೂತು ಮರೆತಿರ್ಬೇಕು."

ಪಕ್ಕದಲ್ಲಿದ್ದ ಹೆಂಡತಿ ಕೋಕಿಲಾ ಅವರ ಹೊದಿಕೆಯ ಅಂಚನ್ನು ಸರಿಮಾಡಿದಳು.

ಹೋದ ನವರಾತ್ರಿಯಲ್ಲಿ, ಈ ಪರದೇಶದಲ್ಲೂ, ಅವರ ನಾರ್‌ಶೋಪಿಂಗ್ ಫ್ಲ್ಯಾಟಿನಲ್ಲಿ ಒಂಬತ್ತು ದಿನ ಗಮಕ ವಾಚನವಿತ್ತು. ಅವರು ಹಾಡುವುದು, ಇವಳು ಕೇಳುವುದು. ಮೂವತ್ತನಾಲ್ಕು ವರ್ಷದಿಂದ ಅವಳಿಗೆ ಅದೇ ಪೂಜೆ. ಎಂಟನೆಯ ದಿನ ಅವಳು ಮಿಂದು ಮಡಿಯುಟ್ಟು ಬರುವಾಗ ಅವರು ಬಾಗಿಲಲ್ಲಿದ್ದರು. "ಕ್ಯಾಂಪಸ್ಸಿಗೆ ಹೊತ್ತಾಯ್ತು ಕಣೇ, ಇದನ್ನ ಹಳದಿ ಪೋಸ್ಟ್ ಡಬ್ಬಿಗೆ ಹಾಕ್ಬಿಡು," ಎಂದು ಶೂ ಸ್ಟ್ಯಾಂಡಿನ ಮೇಲೆ ಮಾದರಿ ತುಂಬಿಟ್ಟ ಕವರು ತೋರಿಸಿ ಹೊರಟರು. ವ್ಯಾಸಪೀಠದ ಮೇಲೆ ಕಾವ್ಯ, ಅದರಿಂದ ಹತ್ತು ಹೆಜ್ಜೆಗೆ ಈ ಹೇಸಿಗೆ! ಅವಳು ಇಕ್ಕಳದಲ್ಲಿ ಹಿಡಿದು ಕಸದ ಚೀಲಕ್ಕೆ ಹಾಕಿದಳು. ಸಂಜೆ ಕೇಳಿದಾಗ "ಹಾಕಿದೆ" ಎಂದಳು. ಕೆಲವು ವಾರಗಳಾದ ಮೇಲೆ ನೆನಪಿನ ಓಲೆ ಬಂತು. ಸುಳ್ಳು ಹೊರಬಿದ್ದೀತೆಂದು ಅದನ್ನೂ ಹರಿದಳು. ಕಲ್ಲು ಗುಂಡಿನಂಥ ಆಳು, ಏನಾದೀತು ಎಂದುಕೊಂಡಳು.

ಕೆಟ್ಟ ಧಮನಿಯನ್ನು ಈಗಲೇ ಕತ್ತರಿಸಿ ಬೇರೆಯದನ್ನು ಹೊಲಿಯಬೇಕು ಎಂದರು ಡಾಕ್ಟರಮ್ಮ. ಬದುಕಿ ಬರುವವರು ಕಡಿಮೆ ಎಂಬುದನ್ನೂ ಮುಚ್ಚಿಡಲಿಲ್ಲ. ಮಾತಾಡಿಕೊಳ್ಳಲು ಹತ್ತು ನಿಮಿಷ ಬಿಟ್ಟು ಹೋದರು.

ಈಗ ಹೇಳದಿದ್ದರೆ ಎಂದೂ ಇಲ್ಲ.

"ರೀ, ಆ ಕವರು..."

"ಅಯ್ಯೋ ಬಿಡೇ. ನೀನು ಹಾಕ್ದೆ ಅಂದ್ಮೇಲೆ ಹಾಕ್ದೆ. ಸುಳ್ಳು ಹೇಳೋ ಜಾಯಮಾನವೇ ನಿಂದು? ಅಡುಗೆಗೆ ಉಪ್ಪು ಹಾಕಿಲ್ಲ ಅಂತಲೂ ಬಡಿಸೋಕ್ಮುಂಚೆ ಹೇಳ್ಬಿಡೋಳು." ಉಸಿರು ಎಳೆದುಕೊಂಡರು. "ಶನಿವಾರ ವಾಚನದ ನಡುವೆ ಜ್ವರ ಬಂತಲ್ಲ, ಎಲ್ಲಿ ನಿಲ್ಲಿಸಿದ್ದೆ?"

"ವೀರ ರಣದಲ್ಲಿ ಬಿದ್ದಲ್ಲಿ."

"ನೋಡಿದ್ಯಾ! ಸಾವಿನ ಪದ್ಯಕ್ಕೆ ಪುಸ್ತಕ ಮುಚ್ಚಬಾರದು ಕಣೇ. ಮಂಗಳ ಹಾಡು."

"ನಾನಾ? ನಾನು ಕೇಳೋಳು."

"ನಾನೂ ಒಂದ್ಸಲ ಕೇಳ್ತೀನಿ."

ನಿಜ ಹೇಳಿದರೆ ಅವರು ಅದನ್ನು ಹೊತ್ತೇ ಕತ್ತಿಯ ಕೆಳಗೆ ಹೋಗಬೇಕು. ಅವಳು ಬಾಯಿ ತೆರೆದಳು, ಹೊರಬಂದದ್ದು ಪದ್ಯ. ಅವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಕೊನೆಯ ಸಾಲು ಮುಗಿಯುವ ಮೊದಲೇ ನರ್ಸುಗಳು ಬಂದು ಮಂಚ ತಳ್ಳಿದರು.

"ಭೇಷ್, ರಾಗ ತಪ್ಪಲಿಲ್ಲ," ಎಂದರು ಶೇಷಾದ್ರಿ, ಹೋಗುತ್ತಲೇ.

ಬಾಗಿಲು ಮುಚ್ಚಿಕೊಂಡಿತು.

"ನಾನು ಹಾಕಲಿಲ್ಲ ರೀ," ಎಂದಳು ಕೋಕಿಲಾ, ಆ ಬಾಗಿಲಿಗೆ. ಕೇಳುವವರು ಅಲ್ಲಿ ಯಾರೂ ಇರಲಿಲ್ಲ.