ಸೀಟಿ ನಿಂತಾಗ

ತಂಗಿಯ ಎದೆಯಲ್ಲಿ ಸೀಟಿ ಏಳುವುದು ಅಕ್ಕನಿಗೆ ಹೊಸದೇನಲ್ಲ. ಇಬ್ಬರೂ ಸೇರಿ ನಡೆಸುವ ಹಾಸಿಗೆ ಅಂಗಡಿಯಲ್ಲಿ ಹಳೇ ದಿಂಬು ಬಿಚ್ಚಿದರೆ ಸಾಕು, ಸುಯ್ ಸುಯ್ ಶುರು. "ಕುಕ್ಕರ್ ಕೂಗ್ತು, ಇಳಿಸ್ರೇ" ಎಂದು ಅಕ್ಕ ನಗಿಸುತ್ತಿದ್ದಳು. ತಂಗಿ ಇನ್‌ಹೇಲರ್ ಎಳೆದುಕೊಳ್ಳುತ್ತಿದ್ದಳು. ಸೀಟಿ ನಿಂತರೆ ಗೆದ್ದಂತೆ.

ಇವತ್ತು ಮಾತ್ರ ಅದು ಇನ್‌ಹೇಲರಿಗೂ ಬಗ್ಗಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದ ಮಂಚದ ಮೇಲೆ ತಂಗಿ ಕೈಯೂರಿ, ಮುಂದಕ್ಕೆ ಬಾಗಿ ಕೂತಿದ್ದಳು. ಮುಖಕ್ಕೆ ಕಟ್ಟಿದ ಮಾಸ್ಕಿನಿಂದ ಔಷಧಿಯ ಮಂಜು ಬುಸುಗುಡುತ್ತಿತ್ತು. ಅಕ್ಕ ಭುಜ ಹಿಡಿದು ಮಲಗಿಸಲು ಹೋದಳು.

"ಬೇಡಮ್ಮ, ಕೂತ್ರೇನೇ ಅವರಿಗೆ ಹಗುರ" ಎಂದ ನರ್ಸ್, ಮೇಜೊಂದನ್ನು ಎಳೆದು, ದಿಂಬಿಟ್ಟು, ತಂಗಿಯ ಮೊಣಕೈಗಳನ್ನು ಮೆಲ್ಲಗೆ ಅದರ ಮೇಲಿರಿಸಿದಳು.

"ಏನು ಕೆಲಸ ಮಾಡ್ತೀರಿ?" ಡಾಕ್ಟರು ಕೇಳಿದರು.

"ಹಾಸಿಗೆ..." ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.

"ಮಾತು ನಿಲ್ಲಿಸೋದೇ ಇಲ್ಲ ಅಂತ ಓಣಿಯಲ್ಲಿ ಇವಳನ್ನ ರೇಡಿಯೋ ಅಂತಾರೆ ಡಾಕ್ಟ್ರೇ" ಎಂದಳು ಅಕ್ಕ.

"ಹಾಗಾದ್ರೆ ರೇಡಿಯೋ ಮಾತಾಡೋವರೆಗೂ ನಾನು ಇಲ್ಲೇ."

ಸ್ವಲ್ಪ ಹೊತ್ತಿಗೆ ಸೀಟಿ ನಿಂತಿತು. ತಂಗಿಯ ತಲೆ ದಿಂಬಿನ ಮೇಲೆ ವಾಲಿತು. ಅಕ್ಕನಿಗೆ ಹೋದ ಜೀವ ಬಂದಂತಾಯಿತು.

"ನಿಂತೋಯ್ತು ನೋಡಿ! ಪಾಪ, ನಿದ್ದೆ ಬಂತು."

ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಒತ್ತಿದರು. ಅವರ ಮುಖ ಬಿಗಿಯಾಯಿತು. "ಸಿಸ್ಟರ್, ಡ್ರಿಪ್ ಹಾಕಿ, ಬೇಗ. ಐಸಿಯುಗೂ ಹೇಳಿ."

"ನಿಂತಿದ್ದು ಒಳ್ಳೇದಲ್ವಾ?"

"ಗಾಳಿ ಆಡಿದ್ರೆ ತಾನೇ ಅಮ್ಮ, ಸೀಟಿ? ಈಗ ಗಾಳಿನೇ ಆಡ್ತಿಲ್ಲ."

ಅಕ್ಕ ಮಂಚದ ಕಂಬಿ ಹಿಡಿದುಕೊಂಡಳು. ನರ್ಸಿನ ಎರಡೂ ಕೈ ಸೂಜಿಯ ಕೆಲಸದಲ್ಲಿದ್ದವು; ಆದರೂ ಕಾಲಲ್ಲೇ ಒಂದು ಸ್ಟೂಲನ್ನು ಅವಳತ್ತ ತಳ್ಳಿದಳು. "ಕೂತ್ಕೊಂಡು ಕೈ ಹಿಡ್ಕೊಳ್ಳಿ. ಕರೀತಾ ಇರಿ."

"ಏ ರೇಡಿಯೋ, ಕಣ್ಬಿಡೇ. ಒಂದೇ ಒಂದು ಸಲ ಸೀಟಿ ಹಾಕೇ." ಇಷ್ಟು ವರ್ಷ ಯಾವುದು ನಿಲ್ಲಲಿ ಎಂದು ಹಂಬಲಿಸಿದ್ದಳೋ, ಅದಕ್ಕೇ ಈಗ ಕಿವಿಗೊಟ್ಟು ಕೂತಳು. ಡ್ರಿಪ್ ತೊಟ್ಟಿಕ್ಕುತ್ತಿತ್ತು. ಡಾಕ್ಟರು ಬೆನ್ನಿನಿಂದ ಸ್ಟೆತಸ್ಕೋಪ್ ತೆಗೆಯಲೇ ಇಲ್ಲ.

ಎಷ್ಟೋ ಹೊತ್ತಾದ ಮೇಲೆ, ಬಾಗಿಲ ಸಂದಿಯ ಗಾಳಿಯಂತೆ, ಸುಯ್...

"ಬಂತು" ಎಂದರು ಡಾಕ್ಟರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಿಡಿದ ಕೈ ಮಾತ್ರ ಬಿಡಲಿಲ್ಲ.

ಕಿಟಕಿಯಲ್ಲಿ ಸಂಜೆಬಿಸಿಲು ಇಳಿಯುವ ಹೊತ್ತಿಗೆ ತಂಗಿ ಮಾಸ್ಕನ್ನು ಕೊಂಚ ಸರಿಸಿದಳು.

"ಬಿಡೇ ಮಾರಾಯ್ತಿ, ಇದೇನು ನನ್ನ ಕೈಯೋ, ನೀನು ಹತ್ತಿ ತುಂಬೋ ದಿಂಬೋ!"

ಒಂದೇ ಉಸಿರಿಗೆ.

ಡಾಕ್ಟರು ನಕ್ಕರು. "ಇವತ್ತು ರಾತ್ರಿ ಇಲ್ಲೇ ಇರ್ಬೇಕು" ಎಂದು ಪಕ್ಕದ ಮಂಚದತ್ತ ನಡೆದರು.

"ಇನ್ನೊಂದ್ಸಲ ಬೈಯೇ" ಎಂದಳು ಅಕ್ಕ.