ನಂದು ಓವನಲ್ಲಿದೆ

ಚಮಚದಲ್ಲಿರುವ ಹಾಲು-ಅನ್ನ ಆರುತ್ತಿದೆ, ಅದರ ಮೇಲೆ ತೆಳ್ಳಗೆ ಕೆನೆ ಕಟ್ಟುತ್ತಿದೆ, ಎತ್ತಿ ಹಿಡಿದ ತೋಳು ತನ್ನದೇ ಅಲ್ಲವೇನೋ ಎಂಬಂತೆ ಜೋಮು ಹಿಡಿದಿದೆ, ಆದರೂ ಐವಿ ಅದನ್ನು ಇಳಿಸುತ್ತಿಲ್ಲ, ಇಳಿಸಿದರೆ ಅಮ್ಮ ಗೆದ್ದಳು ಅಂತ ಅರ್ಥ — ಗೆದ್ದರೆ ಏನು ಸಿಗುತ್ತದೆ ಅಮ್ಮನಿಗೆ, ಸೋಮವಾರದ ಆಂಬುಲೆನ್ಸು, ಗುಡ್ಡದ ಮೇಲಿನ ಆಸ್ಪತ್ರೆ, ಅಷ್ಟೇ. ಅದನ್ನು ಈಗ ಆಸ್ಪತ್ರೆ ಅನ್ನುತ್ತಾರೆ, ಗೋಡೆಗೆ ಬಿಳಿ ಬಣ್ಣ ಬಳಿದು ಕಿಟಕಿಗೆ ಪರದೆ ಹಾಕಿದ್ದಾರೆ, ಆದರೆ ಕೆಳಗಿನ ಬೀದಿಗಳಲ್ಲಿ ವಯಸ್ಸಾದವರಿಗೆಲ್ಲ ಅದು ಇವತ್ತಿಗೂ ಬಡವರ ಹಟ್ಟಿಯೇ, ಗತಿಯಿಲ್ಲದವರನ್ನು ಕೂಡಿಹಾಕಿ ದುಡಿಸುತ್ತಿದ್ದ ಜಾಗ, ಅಮ್ಮನ ಅಮ್ಮ ಸತ್ತದ್ದು ಅಲ್ಲೇ, ಯಾರದೋ ಹರಕು ಅಂಗಿಯಲ್ಲಿ — ನನ್ನನ್ನ ಅಲ್ಲಿಗೆ ಮಾತ್ರ ಹತ್ತಿಸ್ಬೇಡ ಐವಿ, ಎಂದು ಐವಿಯ ಮದುವೆಯಾದ ವರ್ಷವೇ ಮಾತು ತೆಗೆದುಕೊಂಡಿದ್ದಳು, ಆಗ ಗಟ್ಟಿಮುಟ್ಟಾಗಿದ್ದಳು, ಈಗ ನೋಡು, ದಿಂಬಿನ ಮೇಲೆ ಬರೀ ಮೂಗು ಮತ್ತು ಕಣ್ಣು. ಸೋಮವಾರದೊಳಗೆ ಹೊಟ್ಟೆಗೇನಾದರೂ ಇಳಿಯದಿದ್ದರೆ ನಾನು ಆಸ್ಪತ್ರೆಗೆ ಬರೆದುಕೊಡಲೇಬೇಕಾಗುತ್ತೆ ಎಂದು ನರ್ಸಮ್ಮ ಸೈಕಲ್ ಹತ್ತುತ್ತ ಹೇಳಿ ಹೋಗಿದ್ದಾಳೆ. ಒಳ್ಳೆಯವಳೇ, ದಕ್ಷಿಣದ ಕಡೆಯವಳು, ಇಂಗ್ಲಿಷೇ ಆದರೂ ಮಾತು ಮಾತ್ರ ನಮ್ಮದಲ್ಲ. ಮೊನ್ನೆ ಮಂಚದ ಪಕ್ಕ ನಿಂತು, ನಿಮ್ಮಮ್ಮ ತಮಗೆ ತಾವೇ ಸ್ಟಾರ್ವ್ ಆಗ್ತಿದ್ದಾರೆ ಅಂದಳು, ಅವಳ ಊರಲ್ಲಿ ಹಾಗಂದರೆ ಉಪವಾಸ ಸಾಯುವುದು, ನಮ್ಮೂರಲ್ಲಿ ಚಳಿಗೆ ಸೆಟೆಯುವುದು, ಮಗ್ಗದ ಸದ್ದಿಗೆ ಕಿವಿ ಹೋದ ಅಮ್ಮ ಅವಳ ತುಟಿ ಓದಿ, ಇಲ್ಲಮ್ಮ, ಬೆಂಕಿ ಚೆನ್ನಾಗೇ ಉರೀತಿದೆ, ನನಗೇನೂ ಚಳಿಯಿಲ್ಲ ಎಂದಳು, ಐವಿಗೆ ಆಗ ನಗು ಬಂದಿತ್ತು, ನಗುವಷ್ಟು ಉಸಿರಿರಲಿಲ್ಲ.

ನಮ್ಮಲ್ಲಿ ಹಸಿವಿಗೆ ಬೇರೆ ಮಾತಿದೆ. ಕ್ಲೆಮ್. ಅಮ್ಮ ಅದನ್ನು ಹೇಳುವುದನ್ನು ಕಿವಿಗಿಂತ ಚೆನ್ನಾಗಿ ಕಣ್ಣು ಕಲಿಯಿತು, ಮಗ್ಗದ ಶೆಡ್ಡಿನಲ್ಲಿ ಕಿವಿಗೇನು ಕೆಲಸ, ಸಾವಿರ ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಹೆಂಗಸರೆಲ್ಲ ತುಟಿಯಲ್ಲೇ ಮಾತಾಡುತ್ತಾರೆ, ದೊಡ್ಡದಾಗಿ ಬಾಯಿ ತಿರುಗಿಸಿ, ಶೆಡ್ಡಿನ ಆ ತುದಿಯಲ್ಲಿ ಯಾರು ಬಸುರಿ ಅನ್ನುವುದು ಈ ತುದಿಗೆ ಗೊತ್ತಾಗುತ್ತದೆ, ಸೂಪರ್‌ವೈಸರ್ ನಡುವೆ ನಿಂತಿದ್ದರೂ ಅವನಿಗೆ ಮಾತ್ರ ಗೊತ್ತಾಗುವುದಿಲ್ಲ. ಐವಿ ಮಗ್ಗ ಕಲಿಯಲು ಸೇರಿದ ಮೊದಲ ವಾರ ಅಮ್ಮ ದೂರದಿಂದ ಇವಳತ್ತ ತಿರುಗಿ ತುಟಿ ಬಿಚ್ಚಿದಳು — ಕ್ಲೆ, ಬಾಯಿ ಅಷ್ಟೇ ಅಷ್ಟು ತೆರೆಯಿತು, ಮ್, ತುಟಿಗಳು ಒಂದನ್ನೊಂದು ಅಮುಕಿ ಮುಚ್ಚಿಕೊಂಡವು — ಹಸ್ದಿದ್ಯಾ ಮಗಳೇ, ನನ್ನ ಡಬ್ಬೀಲಿ ಒಂದು ಬ್ರೆಡ್ಡಿದೆ, ತಗೋ. ಮತ್ತೆ ನಿನಗೆ ಅಂತ ಇವಳು ಕೇಳುವಷ್ಟರಲ್ಲಿ ಅಮ್ಮ ಆಗಲೇ ಬೆನ್ನು ತಿರುಗಿಸಿ ಎಳೆ ಕಟ್ಟುತ್ತಿದ್ದಳು. ಬೆನ್ನು ತಿರುಗಿಸಿದವಳಿಗೆ ಏನು ಕೇಳುತ್ತದೆ, ಒಳ್ಳೆ ಉಪಾಯ, ಜೀವಮಾನವಿಡೀ ಅದೇ ಉಪಾಯ. ಅದಕ್ಕೂ ಮೊದಲು ಶಾಲೆಯಲ್ಲಿ ಮಿಸ್ ಪಿಲಿಂಗ್ ಆ ಮಾತನ್ನು ಬಾಯಿಂದ ತೊಳೆಸಲು ನೋಡಿದ್ದರು, ಅದು ಗಟಾರದ ಮಾತು ಕಣೇ ಹುಡುಗಿ, ಹಂಗ್ರಿ ಅನ್ನು, ಎಲ್ಲಿ ಎಲ್ಲರೂ ಒಟ್ಟಿಗೆ ಅನ್ನಿ ನೋಡೋಣ, ಎಲ್ಲರೂ ಅಂದರು, ಆ ಚಳಿಗಾಲ ತರಗತಿಯಲ್ಲಿ ಅರ್ಧ ಮಕ್ಕಳು ಬರಿಹೊಟ್ಟೆಯಲ್ಲೇ ಕೂತಿದ್ದರು, ಅಷ್ಟು ಚೊಕ್ಕ ಉಚ್ಚಾರವನ್ನು ಮಿಸ್ ಪಿಲಿಂಗ್ ಮತ್ತೆಂದೂ ಕೇಳಿರಲಾರರು. ಆದರೆ ಹಂಗ್ರಿ ಅಂದರೆ ಕ್ಲೆಮ್ ಅಲ್ಲ, ಅದು ಒಲೆಯ ಮೇಲೆ ಏನೋ ಬೇಯುತ್ತಿರುವವರ ಹಸಿವು, ಇನ್ನೇನು ಬಡಿಸುತ್ತಾರೆ ಅನ್ನುವವರದ್ದು. ಕ್ಲೆಮ್ ಅಂದರೆ ಹಿಂಡುವುದು, ಒಳಗಿಂದ ಯಾರೋ ಕರುಳನ್ನು ಚಿವುಟಿ ಹಿಡಿದುಕೊಂಡು ಬಿಡದಿರುವುದು.

ಮಾತು ಎಲ್ಲಿಂದ ಬಂತೆಂದು ಗೊತ್ತಾದದ್ದು ವಿಲ್ಫ್‌ನಿಂದ, ಐವಿಯ ಗಂಡ, ಈಗ ಫುಟ್ಬಾಲ್ ಮ್ಯಾಚಿಗೆ ಹೋಗಿದ್ದಾನೆ, ಹೋಗಲಿ ಪಾಪ, ಮನೆಯಲ್ಲಿ ಕೂತು ಅವನಾದರೂ ಏನು ಮಾಡುತ್ತಾನೆ. ಯುದ್ಧದಲ್ಲಿ ಸೆರೆಸಿಕ್ಕಿ ಜರ್ಮನಿಯಲ್ಲಿ ಒಬ್ಬ ಮುದುಕ ಬಡಗಿಯ ಕೈಕೆಳಗೆ ದುಡಿದಿದ್ದ, ಒದ್ದೆ ಮರದ ಡ್ರಾಯರ್ ಸಿಕ್ಕಿಹಾಕಿಕೊಂಡಾಗಲೆಲ್ಲ ಮುದುಕ ಕ್ಲೆಮ್ಟ್ ಅನ್ನುತ್ತಿದ್ದನಂತೆ, ಬಾಗಿಲು ಹಿಡಿದುಕೊಂಡರೂ ಕ್ಲೆಮ್ಟ್, ಎರಡು ಹಲಗೆಯ ನಡುವೆ ಬೆರಳು ಸಿಕ್ಕರೂ ಅದೇ, ನಮ್ಮೂರಿನ ಹುಡುಗರು ಮುಖ ಮುಖ ನೋಡಿಕೊಂಡರಂತೆ, ಲೋ, ಇವನ ಡ್ರಾಯರಿಗೂ ನಮ್ಮ ಕಾಯಿಲೇನೇ ಕಣ್ರೋ. ಎಂದೋ ಆ ಕಡೆಯಿಂದ ದೋಣಿಯಲ್ಲಿ ಬಂದವರು ಮಾತನ್ನೂ ಹೊತ್ತು ತಂದಿರಬೇಕು, ಅಲ್ಲಿ ಅದು ಮರಕ್ಕೂ ಬೆರಳಿಗೂ ಉಳಿಯಿತು, ಇಲ್ಲಿ ಹೊಟ್ಟೆಗೆ ಇಳಿಯಿತು, ವಿಲ್ಫ್ ಹೇಳುವುದು ಹಾಗೆ. ವಿಲ್ಫ್ ಇದನ್ನು ತಮಾಷೆಯಾಗಿಯೇ ಹೇಳುತ್ತಾನೆ, ವಾಪಸು ಬಂದಾಗ ಅವನು ಹೇಗಿದ್ದ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಬಾಗಿಲು ತೆಗೆದ ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ, ಕ್ಲೆಮ್ಡ್ ಆಗಿದ್ದೀಯ ಅಂದವಳೇ ಒಳಗೆ ಹೋಗಿ ಬಾಣಲೆ ಇಟ್ಟಳು. ರೇಶನ್ನಿನ ಮೊಟ್ಟೆ, ತನ್ನ ಪಾಲಿನದು. ನಿಮಗೆ ಅತ್ತೇ, ಅಂದ ಅವನು. ನಂದು ಓವನಲ್ಲಿದೆ, ನೀನು ತಿನ್ನು.

ನಂದು ಓವನಲ್ಲಿದೆ. ಚಮಚವನ್ನು ಬಟ್ಟಲಿಗೆ ಇಳಿಸಿಬಿಟ್ಟಳು ಐವಿ, ಸಾಕು, ತೋಳು ಕೇಳುವುದಿಲ್ಲ. ಐವಿ ಚಿಕ್ಕವಳಿದ್ದಾಗ, ಕೆಲಸವಿಲ್ಲದ ಆ ವರ್ಷ, ಬೀದಿ ಬೀದಿಯ ಮಿಲ್ಲುಗಳೆಲ್ಲ ನಿಂತು, ಚಿಮಣಿಗಳಲ್ಲಿ ಹೊಗೆಯಿಲ್ಲದೆ ಆಕಾಶ ಅಸಹ್ಯವಾಗುವಷ್ಟು ನೀಲಿಯಾಗಿತ್ತು, ಇವಳಿಗೆ ಏಳು ವರ್ಷ, ಸಂಜೆ ಅಪ್ಪನಿಗೆ ಮೊದಲು, ಆಮೇಲೆ ತಮ್ಮಂದಿರಿಗೆ, ಇವಳಿಗೆ, ಅಮ್ಮ ಮೇಜಿಗೆ ಕೂರುತ್ತಲೇ ಇರಲಿಲ್ಲ, ನಿಂತೇ ಬಡಿಸುತ್ತಿದ್ದಳು, ಯಾರಾದರೂ ಕೇಳಿದರೆ ಒಲೆಯ ಪಕ್ಕದ ಓವನ್ನಿನತ್ತ ಗದ್ದ ಎತ್ತಿ ತೋರಿಸಿ ಅದೇ ಮಾತು. ಅಲ್ಲಿ ನಿಜವಾಗಿಯೂ ಇತ್ತು, ನೀಲಿ ಅಂಚಿನ ತಟ್ಟೆ, ಅದರ ಮೇಲೆ ಕವುಚಿ ಹಾಕಿದ ಇನ್ನೊಂದು ನೀಲಿ ಅಂಚಿನ ತಟ್ಟೆ, ಮೇಲಿನದರ ಅಂಚು ಒಂದು ಕಡೆ ಚಕ್ಕೆ ಎದ್ದಿತ್ತು. ಒಂದು ದಿನ ಅಮ್ಮ ಹಿತ್ತಲಿಗೆ ಕಲ್ಲಿದ್ದಲು ತರಲು ಹೋದಾಗ ಇವಳು ತೆರೆದು ನೋಡಿದಳು, ಅಮ್ಮ ಮಾತ್ರ ಒಬ್ಬಳೇ ಏನೋ ಒಳ್ಳೆಯದು ತಿನ್ನುತ್ತಾಳೆ ಅಂದುಕೊಂಡಿದ್ದಳು, ಬೆರಳು ಚುರುಕ್ಕೆಂದಿತು, ಅಷ್ಟು ಬಿಸಿಯಿತ್ತು ತಟ್ಟೆ — ಒಳಗೆ ಏನೂ ಇರಲಿಲ್ಲ. ಚಕ್ಕೆ ಎದ್ದ ಕಡೆ ಎಲ್ಲಿತ್ತೋ ಅಲ್ಲಿಗೇ ತಿರುಗಿಸಿ ಮುಚ್ಚಿಟ್ಟಳು. ಖಾಲಿ ತಟ್ಟೆಯನ್ನು ಬಿಸಿ ಮಾಡುವುದು ಯಾಕೆ, ಅದೇ ಅವಳಿಗೆ ಅರ್ಥವಾಗಿರಲಿಲ್ಲ ಬಹಳ ಕಾಲ.

ಅಮ್ಮ, ಒಂದೇ ಚಮಚ, ನಿನ್ನ ಕಾಲಿಗೆ ಬೀಳ್ತೀನಿ. ತುಟಿಯನ್ನು ದೊಡ್ಡದಾಗಿ ತಿರುಗಿಸಿ ಹೇಳುತ್ತಾಳೆ, ಅಮ್ಮ ಓದುತ್ತಾಳೆ, ಕಣ್ಣಿಗೇನೂ ಆಗಿಲ್ಲ, ಕಣ್ಣು ಸೂಜಿಯ ಹಾಗಿದೆ. ನಿನ್ದಾಯ್ತಾ, ಎನ್ನುತ್ತಾಳೆ ಅಮ್ಮ. ಪ್ರತಿ ಸಲವೂ ಇದೇ, ಬೆಳಿಗ್ಗೆ ಗಂಜಿ ತಂದರೂ, ಮಧ್ಯಾಹ್ನ ಸೂಪು ತಂದರೂ, ನಿನ್ದಾಯ್ತಾ — ಯಾವಾಗ ಆಗಬೇಕು ಇವಳದ್ದು, ಹಾಸಿಗೆ ಬದಲಿಸಬೇಕು, ಒಗೆಯಬೇಕು, ವಿಲ್ಫ್‌ನ ಡಬ್ಬಿ ಕಟ್ಟಬೇಕು, ಮಿಲ್ಲು ನಡೆದ ದಿನ ಮಗ್ಗಕ್ಕೆ ಹೋಗಬೇಕು, ಕೂತು ತಟ್ಟೆ ಮುಂದಿಟ್ಟುಕೊಂಡರೆ ಮೇಲಿನ ಕೋಣೆಯ ಆ ಮುಚ್ಚಿದ ಬಾಯಿ ನೆನಪಾಗಿ ಗಂಟಲಲ್ಲಿ ಇಳಿಯುವುದಿಲ್ಲ, ಟೀ ಕುಡಿಯುತ್ತಾಳೆ, ಮತ್ತೆ ಟೀ, ಸಡಿಲವಾದ ಲಂಗ ಜಾರದಂತೆ ಕೊಕ್ಕೆಗೆ ಪಿನ್ನು ಹಾಕಿಕೊಂಡಿದ್ದಾಳೆ. ಇದನ್ನೆಲ್ಲ ಯಾರಿಗೆ ಹೇಳುವುದು, ಅದಕ್ಕೇ ಬಾಯಿಗೆ ಬಂದದ್ದು ಹೇಳುತ್ತಾಳೆ, ನಂದು ಓವನಲ್ಲಿದೆ ಅಮ್ಮ, ಆಮೇಲೆ ತಿಂತೀನಿ, ಮೊದಲು ನೀನು. ಈಗಲೂ ಅದನ್ನೇ ಹೇಳಿದಳು. ಅಮ್ಮನ ತುಟಿಗಳು ಒಂದನ್ನೊಂದು ಅಮುಕಿ ಮುಚ್ಚಿಕೊಂಡವು.

ಹಾಗೇ ಮುಚ್ಚಿಕೊಂಡದ್ದನ್ನು ನೋಡುತ್ತ ಐವಿಗೆ ಸಿಟ್ಟು ಬಂತು, ಬರಬಾರದು, ಬಂತು — ಏನು ಬೇಕು ನಿನಗೆ, ಮೀನು ತಂದೆ ಬೇಡ, ಸೂಪು ಬೇಡ, ಹಾಲು-ಅನ್ನ ಬೇಡ, ಗುಡ್ಡ ಹತ್ತಬೇಕಾ ನಿನಗೆ, ಹತ್ತು, ನನಗೂ ಒಂದು ರಾತ್ರಿ ನಿದ್ದೆಯಾಗುತ್ತದೆ. ತುಟಿ ಆಡಿಸಲಿಲ್ಲ, ಮನಸ್ಸಲ್ಲೇ ಅಂದುಕೊಂಡಿದ್ದು, ಆದರೂ ಅಮ್ಮ ಓದಿದಳೇನೋ, ಹೊದಿಕೆಯೊಳಗಿಂದ ಕೈ ಹೊರಗೆ ಬಂದು ಮಂಚದ ಕಬ್ಬಿಣದ ಕಂಬಿಯನ್ನು ಹಿಡಿಯಿತು. ಮಿಲ್ಲು ನಿಂತಿದೆ ಅಲ್ವಾ, ಎಂದಳು ಅಮ್ಮ. ಬೀದಿಯಾಚೆಯ ಮಿಲ್ಲು ವಾರದಲ್ಲಿ ಮೂರೇ ದಿನ ನಡೆಯುತ್ತಿರುವುದನ್ನು ಅಮ್ಮನಿಗೆ ಯಾರೂ ಹೇಳಿಲ್ಲ, ಗಂಡ ಹೆಂಡತಿ ಮಾತಾಡಿಕೊಂಡೇ ಬಚ್ಚಿಟ್ಟಿದ್ದರು. ಇಲ್ಲಮ್ಮ, ಇವತ್ತು ಶನಿವಾರ ಅಲ್ವಾ, ಅದಕ್ಕೇ, ಎಂದಳು ಐವಿ. ಮಿಲ್ಲು ನಡೆದ್ರೆ ಈ ಕಂಬಿ ನಡುಗುತ್ತೆ, ಗುರುವಾರಾನೂ ಅಲುಗ್ಲಿಲ್ಲ, ಶುಕ್ರವಾರಾನೂ ಅಲುಗ್ಲಿಲ್ಲ. ನಂಗೆ ಕಿವಿ ಇಲ್ಲ, ಕೈ ಇದೆ. ಅರ್ಧ ವಾರ ಕೆಲಸ ಇದೆ ಅಮ್ಮ, ವಿಲ್ಫ್‌ಗೂ ಸಂಬಳ ಬರುತ್ತೆ, ಮನೇಲಿ ಎಲ್ಲಾ ಇದೆ, ಕಪಾಟು ತುಂಬಿದೆ. ಮತ್ತೆ ನಿನ್ನ ಊಟ ಎಲ್ಲಿದೆ, ಎಂದಳು ಅಮ್ಮ. ಹೇಳಿದ್ನಲ್ಲಮ್ಮ, ಓವನಲ್ಲಿದೆ. ಅಮ್ಮ ಇವಳನ್ನೇ ನೋಡಿದಳು, ಕಣ್ಣಲ್ಲಿ ಸಿಟ್ಟಿರಲಿಲ್ಲ, ಮಗುವನ್ನು ನೋಡುವ ಹಾಗೆ ನೋಡಿದಳು. ಅದನ್ನ ನಂಗೆ ಹೇಳ್ಬೇಡ ಐವಿ. ಆ ಮಾತು ನಂದು. ಆ ಬಟ್ಟಲು ನೀನು ತಿನ್ನು, ನಾನು ಇನ್ನೆಷ್ಟು ದಿನ ಇರ್ತೀನಿ, ನೀನು ಸೋಮವಾರ ಮಗ್ಗದ ಮುಂದೆ ನಿಲ್ಬೇಕು.

ಅಯ್ಯೋ ದೇವರೇ. ಮೂರು ವಾರ. ಮೂರು ವಾರದಿಂದ ಇವಳು ಮೆಟ್ಟಿಲು ಹತ್ತಿ ಬಂದು ಆ ಮಾತನ್ನು ಹೇಳಿದಾಗಲೆಲ್ಲ ಅಮ್ಮನಿಗೆ ಕಂಡದ್ದು ಬರಿದಾದ ಕಪಾಟು, ಅಮ್ಮ ಬೇಡವೆಂದು ಮುಖ ತಿರುಗಿಸಿದ್ದು ಸಾಯಲಿಕ್ಕಲ್ಲ, ಹಟಕ್ಕಲ್ಲ, ಇವಳಿಗಾಗಿ ಉಳಿಸಲಿಕ್ಕೆ, ಆ ಮೀನು ಇವಳಿಗೆ, ಆ ಸೂಪು ಇವಳಿಗೆ, ಇವಳೋ ಅದನ್ನು ಕೆಳಗೊಯ್ದು ಪಕ್ಕದ ಮನೆಯ ಬೆಕ್ಕಿಗೆ ಸುರಿದಳು, ಬೆಕ್ಕು ಚೆನ್ನಾಗಿ ಮೈತುಂಬಿಕೊಂಡಿದೆ — ಮೆಟ್ಟಿಲು ಇಳಿಯುತ್ತಿದ್ದಾಳೆ, ಎಷ್ಟು ದಣಿದಿದ್ದೇನೆ, ಇಲ್ಲೇ ಮೆಟ್ಟಿಲ ಮೇಲೆ ಕೂತುಬಿಡಲೇ, ಕೂರಬಾರದು, ಕೂತರೆ ಏಳಲಾರೆ. ಅಮ್ಮನ ಮನೆಯಿಂದ ಬಂದ ಪಾತ್ರೆಗಳ ಹಿಂದೆ ಕೈ ಹಾಕಿದಳು, ನೀಲಿ ಅಂಚು, ಎರಡೂ ಇವೆ, ಚಕ್ಕೆ ಎದ್ದದ್ದೂ ಇದೆ, ಗ್ಯಾಸ್ ಹಚ್ಚಿ ಓವನ್ನಿಗೆ ಇಟ್ಟಳು, ಮೊದಲು ಬಿಸಿಯಾಗಲಿ, ಖಾಲಿ ತಟ್ಟೆಗಳು, ಒಂದರ ಮೇಲೊಂದು ಕವುಚಿ, ಬಾಯಿಗೆ ಬಾಯಿ — ಆಗ ಗೊತ್ತಾಯಿತು ಅಮ್ಮ ಯಾಕೆ ಹಾಗೆ ಮಾಡುತ್ತಿದ್ದಳೆಂದು, ಒಲೆಯ ಮುಂದೆ ನಿಂತ ಹೆಂಗಸಿಗೆ ತಣ್ಣಗಿನ ಖಾಲಿ ತಟ್ಟೆಯನ್ನು ನೋಡಲಾಗದು, ಅಷ್ಟೇ, ಬಿಸಿಯಿದ್ದರೆ ಮುಟ್ಟಿದಾಗ ಏನೋ ಇದೆಯೆನಿಸುತ್ತದೆ. ಬಾಣಲೆ, ಬೆಣ್ಣೆ, ಎರಡು ಮೊಟ್ಟೆ, ಬೇಕನ್ ಹಂದಿಮಾಂಸದ ಚೂರು, ದಪ್ಪನಾಗಿ ಕೊಯ್ದ ಬ್ರೆಡ್ಡು. ಬೇಕನ್ನಿನ ವಾಸನೆಗೆ ಹೊಟ್ಟೆಯೊಳಗೆ ಯಾರೋ ಚಿವುಟಿ ಹಿಡಿದರು, ಒಲೆಯ ಅಂಚು ಹಿಡಿದುಕೊಂಡು ನಿಂತಳು, ಓ, ನಾನು ಕೂಡ.

ಮುಚ್ಚಿದ ತಟ್ಟೆಯನ್ನು ಬಟ್ಟೆಯಲ್ಲಿ ಹಿಡಿದು ಮೇಲೆ ತಂದಳು, ಹೊದಿಕೆಯ ಮೇಲಿಟ್ಟಳು. ಅಮ್ಮನ ಬೆರಳು ಬಿಸಿಯನ್ನು ಲೆಕ್ಕಿಸದೆ ಅಂಚಿನುದ್ದಕ್ಕೂ ತಡಕಿ ಚಕ್ಕೆ ಎದ್ದಲ್ಲಿ ನಿಂತಿತು. ತಾನೇ ಎತ್ತಿದಳು, ಎತ್ತುವ ಕೈಯಲ್ಲಿ ಬಲವಿರಲಿಲ್ಲ, ಆದರೂ ಎತ್ತಿದಳು, ಮೇಲಿನ ತಟ್ಟೆಯನ್ನು ಅಂಗಾತ ಪಕ್ಕಕ್ಕಿಟ್ಟಳು, ಹಬೆ ಎದ್ದಿತು, ಹಳದಿ ಎರಡೂ ಒಡೆದಿರಲಿಲ್ಲ. ತಟ್ಟೆಯನ್ನು ಮಗಳತ್ತ ತಳ್ಳಿದಳು. ತಿನ್ನು, ನಾನು ನೋಡ್ಬೇಕು. ಐವಿ ತಿಂದಳು, ಬ್ರೆಡ್ಡನ್ನು ಹಳದಿಗೆ ಅದ್ದಿ, ನಾಲಿಗೆ ಒಣಗಿದೆ, ಅಮ್ಮನ ಕಣ್ಣು ಇವಳ ಗಂಟಲಿನ ಮೇಲೆ, ತುತ್ತು ಇಳಿಯುವುದನ್ನು ಓದುತ್ತಿದ್ದಾಳೆ, ಇನ್ನೊಂದು, ಹಾಂ, ಇನ್ನೊಂದು, ಅಳು ಬಂದರೆ ನುಂಗಲಾಗುವುದಿಲ್ಲ, ಅಳಬಾರದು, ಅಳುತ್ತಲೇ ನುಂಗಿದಳು. ಆಗ ಅಮ್ಮನ ಬಾಯಿ ಅಲುಗಿತು, ಧ್ವನಿಯಿಲ್ಲ, ಶೆಡ್ಡಿನ ಆ ತುದಿಯಿಂದ ಹೇಳುವ ಹಾಗೆ ಬರೀ ತುಟಿ, ಎಂದೂ ತನ್ನ ಬಗ್ಗೆ ಹೇಳಿಕೊಳ್ಳದ ಮಾತು, ಮಗಳಿಗೆ ಹೇಳಿದ್ದಳು, ಅಳಿಯನಿಗೆ ಹೇಳಿದ್ದಳು, ಬೀದಿಯ ಮಕ್ಕಳಿಗೆಲ್ಲ ಹೇಳಿದ್ದಳು — ನಾನು ಕ್ಲೆಮ್ಡ್ ಆಗಿದ್ದೀನಿ ಮಗಳೇ — ತುಟಿ ಮುಚ್ಚಿತು, ಮುಚ್ಚಿದ್ದು ಮತ್ತೆ ತೆರೆಯಿತು, ತುತ್ತಿಗಾಗಿ ತೆರೆದೇ ಉಳಿಯಿತು. ಐವಿ ಬಟ್ಟಲಿನ ಚಮಚಕ್ಕೆ ಕೈ ಚಾಚುತ್ತಾಳೆ, ಚಾಚಿದ ಮುಂಗೈ ಹೊದಿಕೆಯ ಮೇಲಿನ ಆ ಇನ್ನೊಂದು ತಟ್ಟೆಗೆ ತಗಲುತ್ತದೆ, ಚುರುಕ್ಕೆನ್ನುತ್ತದೆ, ನೀಲಿ ಅಂಚಿನದು, ಚಕ್ಕೆ ಎದ್ದದ್ದು, ಅಂಗಾತ ಬಿದ್ದದ್ದು, ಇನ್ನೂ ಬಿಸಿಯಿದೆ, ಏನೂ ಇಲ್ಲ ಅದರಲ್ಲಿ, ಬಿಸಿಯಿದೆ, ಏನೂ ಇಲ್ಲ.